ಅಳೆದದ್ದೂ ಬರೆದದ್ದೂ

ನಮ್ಮ ಊರು ಯಾದಗಿರಿ ಜಿಲ್ಲೆಯ ಕೊಂಕಲ್. ಸುಗ್ಗಿಯಲ್ಲಿ ಕಣದ ರಾಶಿಯನ್ನು ಅಳೆಯುವಾಗ ನಮ್ಮ ತಂದೆಯವರು ಮೊದಲನೆಯ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಅನಂತರ ಎರಡು, ಮೂರು, ನಾಲ್ಕು ಎಂದು ಲೆಕ್ಕ ಸಾಗುತ್ತದೆ. ಈ ರೂಢಿ ಕನ್ನಡ ನಾಡಿನ ಅನೇಕ ಕಡೆ ಉಂಟು. 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕ ಅಳತೆಗಳು ದೇಶದಲ್ಲಿ ಜಾರಿಗೆ ಬರತೊಡಗಿದುವು. ಪೇಟೆಯಲ್ಲಿ ಈಗ ಎಲ್ಲವೂ ಕಿಲೋ, ಕ್ವಿಂಟಲು. ಆದರೂ ನಮ್ಮ ಮನೆಯ ಮೂಲೆಯಲ್ಲಿ ಸೇರು ಇನ್ನೂ ಇದೆ. ಅದೇ ಸೇರನ್ನು ಗೋಪುರ ಕಟ್ಟುವಂತೆ ತುಂಬಿದರೆ ಒಂದು ಅಳತೆ, ಬಾಯಿಗೆ ಸರಿಯಾಗಿ ಕೈಯಿಂದ ಸವರಿದರೆ ಇನ್ನೊಂದು ಅಳತೆ. ಕೊಡುವಾಗ ಯಾವುದು, ತೆಗೆದುಕೊಳ್ಳುವಾಗ ಯಾವುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಅಣ್ಣತಮ್ಮಂದಿರಲ್ಲಿಯೂ ಜಗಳವಾಗುವುದುಂಟು.

ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ನನಗೆ ಶಾಲೆಯ ವಿಜ್ಞಾನದ ವಿಷಯ ಬರೆಯಲು ಏನು ಅಧಿಕಾರವೆಂದು ಸಹಪಾಠಿಗಳು ಕೇಳಬಹುದು. ಪ್ರೌಢಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪು, ಆ ತಪ್ಪು ಅನೇಕ ವರ್ಷಗಳ ಮೇಲೆ ನನ್ನ ತಂಗಿಯ ಕೈಯಲ್ಲಿ ಬಯಲಾದ ರೀತಿ, ಇವೇ ನನ್ನ ಅಧಿಕಾರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದಕಾರಣ ಓಣಿಯ ಹುಡುಗರೂ ತಂಗಿಯೂ ಪಾಠದ ಸಂದೇಹಗಳನ್ನು ನನ್ನ ಬಳಿಗೇ ತರುತ್ತಾರೆ. ಬರದ ವಿಷಯವನ್ನೂ ಬಂದಂತೆ ಹೇಳಬೇಕಾದ ಸಂಕಟ ನನ್ನದು.

ತಪ್ಪಿನ ವಿಷಯಕ್ಕೆ ಬರುತ್ತೇನೆ. ಲೋಲಕದ ಪ್ರಯೋಗ ಎಲ್ಲರಿಗೂ ಗೊತ್ತು. ಒಂದು ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟು, ಅದು ಒಂದು ಕೊನೆಯಿಂದ ಹೊರಟು ಮತ್ತೆ ಅದೇ ಕೊನೆಗೆ ಬಂದರೆ ಒಂದು ಆಂದೋಲನ. ಇಪ್ಪತ್ತು ಆಂದೋಲನಗಳಿಗೆ ಹಿಡಿದ ಕಾಲವನ್ನು ಇಪ್ಪತ್ತರಿಂದ ಭಾಗಿಸಿದರೆ ಒಂದರ ಕಾಲ ದೊರೆಯುತ್ತದೆ. ಪೈ ಎಂಬ ಸಂಖ್ಯೆಯ ವರ್ಗದ ನಾಲ್ಕರಷ್ಟನ್ನು ದಾರದ ಉದ್ದದಿಂದ ಗುಣಿಸಿ, ಈ ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವದ ವೇಗೋತ್ಕರ್ಷ ಬರಬೇಕು. ಪುಸ್ತಕದಲ್ಲಿ ಅದು 9.8 ಎಂದಿತ್ತು. ನನಗೂ ನನ್ನ ಜೊತೆಗಾರನಿಗೂ ಬಂದದ್ದು 10.8ರ ಹತ್ತಿರ. ದಾರದ ಉದ್ದ ಸರಿಯಾಗಿ 100 ಸೆಂಟಿಮೀಟರ್ ಇತ್ತು. ಇಪ್ಪತ್ತು ಆಂದೋಲನಗಳಿಗೆ 38 ಸೆಕೆಂಡು ಚಿಲ್ಲರೆ ಹಿಡಿದಿತ್ತು. ಚಿಲ್ಲರೆ ಎಷ್ಟೆಂಬುದು ಈಗ ನೆನಪಿಲ್ಲ, ಏಕೆಂದರೆ ಅದನ್ನು ನಾವು ಬರೆದಿಡಲೇ ಇಲ್ಲ. ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ, 9.8 ಬರಬೇಕಾದರೆ ಕಾಲ ಎಷ್ಟಿರಬೇಕೆಂದು ಕಂಡುಹಿಡಿದು, 40.1 ಎಂದು ಚೊಕ್ಕ ಪುಸ್ತಕದಲ್ಲಿ ದುಂಡಗೆ ಬರೆದೆವು. ಪುಟದ ಕೆಳಗೆ ಕೆಂಪು ಶಾಯಿಯ ಗುರುತು ಬಿತ್ತು. ಅಂದು ಅದನ್ನು ಜಾಣತನವೆಂದೇ ತಿಳಿದಿದ್ದೆವು.

ಕಳೆದ ಬೇಸಿಗೆಯಲ್ಲಿ ತಂಗಿಗೆ ಅದೇ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿಸಿದೆ. ಪಡಸಾಲೆಯ ತೊಲೆಗೆ ಹುರಿ ಕಟ್ಟಿ, ಅದರ ತುದಿಗೆ ಕಬ್ಬಿಣದ ನಟ್ಟು ಬಿಗಿದು, ತೊಲೆಯ ಗಂಟಿನಿಂದ ನಟ್ಟಿನ ನಡುವಿನವರೆಗೆ ದರ್ಜಿಯ ಟೇಪಿನಿಂದ 100 ಸೆಂಟಿಮೀಟರ್ ಅಳೆದೆವು. ಕಾಲ ನೋಡಲು ತಂದೆಯವರ ಮೊಬೈಲಿನ ಸ್ಟಾಪ್‌ವಾಚ್. ತಂಗಿ ನಟ್ಟನ್ನು ಸ್ವಲ್ಪವೇ ಪಕ್ಕಕ್ಕೆ ಸೆಳೆದು ಬಿಟ್ಟಳು, ಎಣಿಸಿದಳು, ನಿಲ್ಲಿಸಿದಳು. 38.3 ಸೆಕೆಂಡು. ನನಗೆ ಹಳೆಯ ನೆನಪಾಯಿತು. ಪಾಪ, ಹುಡುಗಿಯ ಹೊತ್ತು ಹಾಳಾಗಬಾರದೆಂದು, "40 ಅಂತ ಬರಿ, ಲೆಕ್ಕ ಸರಿ ಬರ್ತದ," ಎಂದೆ.

"ಅಣ್ಣಾ, ನಾ ನೋಡಿದ್ದು ಮೂವತ್ತೆಂಟು. ನಲವತ್ತು ಹ್ಯಾಂಗ ಬರೀಲಿ?" ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಟಮಾರಿಯಂತೆ ಮತ್ತೆ ಎರಡು ಬಾರಿ ಮಾಡಿದಳು: 38.1, 38.2. ಮೂರೂ ಒಂದನ್ನೊಂದು ಅಂಟಿಕೊಂಡಂತೆ ಇದ್ದುವು. ಸರಾಸರಿ 38.2. ಲೆಕ್ಕ ಮಾಡಿದರೆ ಮತ್ತೆ ಅದೇ 10.8. ಕೈ ನಡುಗಿ ಆದ ತಪ್ಪಾದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕು. ಪ್ರತಿ ಬಾರಿಯೂ ಅಷ್ಟೇ ಕಡಿಮೆ ಬರುವುದಾದರೆ ತಪ್ಪು ಕೈಯದಲ್ಲ, ಮಾಡುವ ಕ್ರಮದ್ದು. ಇಷ್ಟು ನನಗೆ ಹೊಳೆಯಿತು. ಕ್ರಮದಲ್ಲಿ ತಪ್ಪೆಲ್ಲಿ ಎಂಬುದು ಹೊಳೆಯಲಿಲ್ಲ. ಟೇಪನ್ನು ಮತ್ತೆ ಹಿಡಿದು ನೋಡಿದೆವು. ಸರಿಯಾಗಿಯೇ ಇತ್ತು.

ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ ತಂದೆಯವರು ಶಾಲೆಗೆ ಹೋದವರಲ್ಲ. ತಂಗಿ ನಾಲ್ಕನೆಯ ಸಲ ನಟ್ಟನ್ನು ಬಿಡುತ್ತಲೇ "ಒಂದು" ಎಂದಾಗ ಅವರು ನಕ್ಕರು. "ಸೇರು ಚೀಲದಾಗ ಬಿದ್ದಮ್ಯಾಲ ಲಾಭ ಅಂತೀವಿ. ಬೀಳೂಕಿಂತ ಮೊದಲ ಅಂದ್ರ ಹ್ಯಾಂಗವ್ವಾ? ಒಂದು ಸೇರು ಪುಕ್ಕಟೆ ಹೋಯ್ತಲ್ಲ," ಎಂದರು.

ತಪ್ಪು ಅದೇ ಆಗಿತ್ತು. ನಟ್ಟನ್ನು ಬಿಡುವ ಗಳಿಗೆಯಲ್ಲಿ ಇನ್ನೂ ಯಾವ ಆಂದೋಲನವೂ ಮುಗಿದಿರುವುದಿಲ್ಲ. ಅಲ್ಲಿ ಹೇಳಬೇಕಾದದ್ದು 'ಸೊನ್ನೆ'. 'ಒಂದು' ಎಂದು ಆರಂಭಿಸಿ 'ಇಪ್ಪತ್ತು' ಎಂದು ನಿಲ್ಲಿಸಿದರೆ ಮುಗಿದಿರುವುದು ಹತ್ತೊಂಬತ್ತೇ. ಸೊನ್ನೆಯಿಂದ ಎಣಿಸಿದಾಗ ಬಂದ ಕಾಲಗಳು: 40.3, 40.1, 40.2. ಇನ್ನು 38.2ನ್ನು 40.2ರಿಂದ ಭಾಗಿಸಿ ನೋಡಿ, 0.95 ಬರುತ್ತದೆ. ಹತ್ತೊಂಬತ್ತನ್ನು ಇಪ್ಪತ್ತರಿಂದ ಭಾಗಿಸಿದರೂ ಅಷ್ಟೇ. ಅಂದರೆ ನಮ್ಮ ತಪ್ಪಿನ ಹೆಸರು ಆ 38ರೊಳಗೇ ಬರೆದಿತ್ತು. ಅದನ್ನು ಅಳಿಸಿ 40.1 ಎಂದು ಬರೆದ ದಿನವೇ ತಪ್ಪನ್ನು ಹಿಡಿಯುವ ದಾರಿಯನ್ನು ನಾನು ನನ್ನ ಕೈಯಾರೆ ಮುಚ್ಚಿಬಿಟ್ಟಿದ್ದೆ. ಅಂಕ ಸಿಕ್ಕಿತು, ಎಣಿಸುವುದು ಮಾತ್ರ ಬಿ.ಎ. ಕೊನೆಯ ವರ್ಷದವರೆಗೂ ಬರಲಿಲ್ಲ!

ಹೊಂದದ ಅಂಕಿಯನ್ನು ಕಾಪಾಡಿಕೊಂಡವರ ಕಥೆಯೊಂದನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಲಾರ್ಡ್ ರೇಲೀ ಎಂಬ ಭೌತವಿಜ್ಞಾನಿ ಸಾರಜನಕದ ಸಾಂದ್ರತೆಯನ್ನು ಅಳೆಯುತ್ತಿದ್ದರು. ಗಾಳಿಯಿಂದ ಪಡೆದ ಸಾರಜನಕವು ರಾಸಾಯನಿಕ ವಸ್ತುಗಳಿಂದ ಪಡೆದದ್ದಕ್ಕಿಂತ ತುಸು ಭಾರವಾಗಿ ತೂಗುತ್ತಿತ್ತು. ಅಂತರ ಸುಮಾರು ಇನ್ನೂರರಲ್ಲಿ ಒಂದು ಪಾಲು. ಬೇರೆ ಯಾರಾದರೂ ಆಗಿದ್ದರೆ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಸುಮ್ಮನಾಗುತ್ತಿದ್ದರೇನೋ. ರೇಲೀ ಸುಮ್ಮನಾಗದೆ 1892ರಲ್ಲಿ ತಮ್ಮ ತೊಡಕನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣ ತಿಳಿದವರು ಹೇಳಿರೆಂದು ಕೇಳಿಕೊಂಡರು. 1894ರಲ್ಲಿ ಅವರೂ ವಿಲಿಯಂ ರ್‍ಯಾಮ್ಸೆಯವರೂ ಸೇರಿ, ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲವೇ ಕಾರಣವೆಂದು ತೋರಿಸಿದರು. 1904ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು, ರೇಲೀಯವರಿಗೆ ಭೌತವಿಜ್ಞಾನದಲ್ಲಿ, ರ್‍ಯಾಮ್ಸೆಯವರಿಗೆ ರಸಾಯನದಲ್ಲಿ. ನಮ್ಮ 38ರಲ್ಲಿ ಆರ್ಗಾನ್ ಇರಲಿಲ್ಲ, ನಿಜ. ಆದರೆ ಎಲ್ಲಿ ಇದೆ, ಎಲ್ಲಿ ಇಲ್ಲ ಎಂಬುದು ಅಳೆಯುವಾಗ ಯಾರಿಗೂ ಗೊತ್ತಿರುವುದಿಲ್ಲ.

ಇಂಗ್ಲೆಂಡಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯ ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರರ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. ಅವರು ವಿಜ್ಞಾನಿಯಲ್ಲ, ನಿಜಾಮರ ಸೇವೆಯಲ್ಲಿದ್ದ ಅಧಿಕಾರಿ, ಕಾದಂಬರಿಕಾರ. ಸುರಪುರ, ಜೇವರ್ಗಿ ಕಡೆಯ ಶಿಲಾಯುಗಾನಂತರದ ಕಲ್ಲುಗೋರಿಗಳನ್ನು ತೆಗೆಸಿ ನೋಡಿದಾಗ, ಒಳಗೆ ಸಿಕ್ಕ ಮಡಕೆ ಕಬ್ಬಿಣಗಳನ್ನು ಆಯ್ದುಕೊಂಡು ಹೋಗುವುದಷ್ಟೇ ಅವರ ಕೆಲಸವಾಗಲಿಲ್ಲ. ಕಲ್ಲುಗಳ ಉದ್ದಗಲಗಳನ್ನು ಅಳೆದು, ಗೋರಿಯನ್ನು ನಡುವೆ ಸೀಳಿದರೆ ಯಾವ ಪದರದ ಕೆಳಗೆ ಯಾವುದು ಕಾಣುತ್ತದೆಯೆಂಬುದನ್ನು ನಕ್ಷೆಯಾಗಿ ಬರೆದಿಟ್ಟರು. ನೂರು ವರ್ಷಗಳ ಮೇಲೆ ಮಾರ್ಟಿಮರ್ ವ್ಹೀಲರ್ ಎಂಬ ಪ್ರಸಿದ್ಧ ಪುರಾತತ್ತ್ವಜ್ಞರು ಈ ಸೀಳುನಕ್ಷೆಗಳನ್ನು ಮೆಚ್ಚಿ ನೆನೆದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳನ್ನು ಸಾಲಾಗಿ ಇರಿಸಿದ ಜಾಗವನ್ನೂ ಟೇಲರರು ಗುರುತಿಸಿದ್ದರು. 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಇಂತಹ ಕಲ್ಲುಸಾಲುಗಳ ಅಭ್ಯಾಸ ಮಾಡಿದರು. ಈ ಶತಮಾನದಲ್ಲಿ ಖಗೋಳಜ್ಞರಾದ ಎನ್. ಕಾಮೇಶ್ವರ ರಾವ್ ಅವರು ಆ ಸಾಲುಗಳಿಗೂ ಸೂರ್ಯನು ಹುಟ್ಟುವ, ಮುಳುಗುವ ದಿಕ್ಕುಗಳಿಗೂ ನಂಟಿದೆಯೇ ಎಂದು ಪರಿಶೀಲಿಸಿದ್ದಾರೆ. ಟೇಲರರಿಗೆ ಈ ಪ್ರಶ್ನೆ ಹೊಳೆದಿತ್ತೋ ಇಲ್ಲವೋ, ಕಂಡದ್ದನ್ನು ಅವರು ಅಳೆದು ಬರೆದರು. ಮುಂದಿನವರು ತಮ್ಮ ಪ್ರಶ್ನೆಗಳನ್ನು ತಂದು ಆ ಬರಹದ ಮುಂದೆ ನಿಂತರು. ಹೊಲದಲ್ಲಿ ಅಡ್ಡವಾಯಿತೆಂದು ಒಂದು ಕಲ್ಲನ್ನು ಯಾರಾದರೂ ಉರುಳಿಸಿದರೆ, ಅದು ಎಲ್ಲಿತ್ತೆಂದು ಹೇಳಲು ಉಳಿಯುವುದು ಹಳೆಯ ಅಳತೆಯೊಂದೇ.

ಇವೆಲ್ಲ ದೊಡ್ಡವರ ಸಂಗತಿಯಾಯಿತು. ನಮ್ಮಂತಹ ಒಕ್ಕಲು ಮಕ್ಕಳಿಗೆ ಅಳತೆಯು ಅನ್ನದ ಮಾತೂ ಹೌದು. ಹಳ್ಳಿಯಲ್ಲಿ ಈಗಲೂ ನಡೆಯುವ, ಹೆಸರಿನಲ್ಲಿಯೇ 'ಪ್ರಯೋಗ'ವೆಂಬ ಮಾತಿರುವ ಕೆಲಸವೊಂದಿದೆ: ಬೆಳೆ ಕಟಾವು ಪ್ರಯೋಗ. 2016ರ ಮುಂಗಾರಿನಿಂದ ಬಂದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ಎಷ್ಟು ಕಡಿಮೆಯಾಯಿತೆಂದು ನಿರ್ಣಯಿಸಲು ಈ ಪ್ರಯೋಗವೇ ಮುಖ್ಯ ಆಧಾರ. ಯಾರ ಮುಖವನ್ನೂ ನೋಡದೆ, ಚೀಟಿ ಎತ್ತಿದಂತೆ ಸಂಖ್ಯೆಗಳಿಂದ ಹೊಲವನ್ನೂ ಹೊಲದೊಳಗಿನ ಜಾಗವನ್ನೂ ಆರಿಸುತ್ತಾರೆ. ಜೋಳ, ಭತ್ತಗಳಂತಹ ಬೆಳೆಗಳಿಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕ ಹಾಕಿ, ಅದರೊಳಗಿನ ಬೆಳೆಯನ್ನಷ್ಟೇ ಕೊಯ್ದು, ಕಾಳು ತೆಗೆದು ತೂಗುತ್ತಾರೆ.

ಚೌಕದ ವಿಸ್ತೀರ್ಣ 25 ಚದರ ಮೀಟರ್, ಹೆಕ್ಟೇರಿಗೆ 10,000. ಆದ್ದರಿಂದ ತಕ್ಕಡಿಯಲ್ಲಿ ಕಂಡ ತೂಕವನ್ನು 400ರಿಂದ ಗುಣಿಸಬೇಕು. ಅಂದಮೇಲೆ ತಕ್ಕಡಿ ನೋಡುವಾಗ 100 ಗ್ರಾಂ ಹೆಚ್ಚುಕಡಿಮೆಯಾದರೆ ಹೆಕ್ಟೇರಿಗೆ 40 ಕಿಲೋ, ಎಕರೆಗೆ ಸುಮಾರು 16 ಕಿಲೋ ವ್ಯತ್ಯಾಸವಾಯಿತು. ಹಗ್ಗ ಜಗ್ಗಿ ಬಂದು ಚೌಕದ ಬದಿ 5 ಮೀಟರಿಗೆ ಬದಲು 5.10 ಆದರೆ ವಿಸ್ತೀರ್ಣ 26.01 ಆಗುತ್ತದೆ. ಒಂದು ಗೇಣಿಗಿಂತ ಕಡಿಮೆಯ ತಪ್ಪು. ಇಳುವರಿ ನೂರಕ್ಕೆ ನಾಲ್ಕು ಹೆಚ್ಚಾಗಿ ಕಾಣಿಸಿತು. ವಿಮೆಗೆ ಗೊತ್ತುಮಾಡಿದ ಇಳುವರಿ 1000 ಕಿಲೋ, ನಿಜವಾಗಿ ಬೆಳೆದದ್ದು 980 ಎಂದು ಊಹಿಸಿಕೊಳ್ಳಿ. ಹಗ್ಗದ ತಪ್ಪಿನಿಂದ ಅದು 1019 ಆಗಿ, ಪರಿಹಾರವೇ ಇಲ್ಲವಾಗುತ್ತದೆ. ಚೌಕದ ಗೆರೆಯ ಮೇಲೆಯೇ ನಿಂತ ದಂಟಿನ ಗೊಡವೆ ಇನ್ನೊಂದು. ಒಳಗೋ ಹೊರಗೋ ಎಂಬ ಸಂದೇಹ ಬಂದಾಗ ಮನುಷ್ಯನ ಕೈ ಅದನ್ನು ಒಳಗೆ ಸೇರಿಸುವ ಕಡೆಗೇ ವಾಲುತ್ತದೆ. ಚೌಕ ಚಿಕ್ಕದಾದಷ್ಟೂ ಒಳಗಿನ ಬೆಳೆಯ ಲೆಕ್ಕಕ್ಕೆ ಅಂಚಿನ ಬೆಳೆ ಹೆಚ್ಚು, ಆದ್ದರಿಂದ ತಪ್ಪೂ ಹೆಚ್ಚು. ಪಾಂಡುರಂಗ ವಾಸುದೇವ ಸುಖಾತ್ಮೆಯವರು 1940ರ ದಶಕದಲ್ಲಿಯೇ ಇದನ್ನು ಪರೀಕ್ಷಿಸಿ, ಚಿಕ್ಕ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆಂದು ಎಚ್ಚರಿಸಿದ್ದರು. ತಂಗಿಯ ಮೂರು ಅಂಕಿಗಳಂತೆ ಇದೂ ಪ್ರತಿ ಬಾರಿ ಒಂದೇ ಕಡೆಗೆ ಎಳೆಯುವ ತಪ್ಪು. ನೂರು ಚೌಕ ಹಾಕಿ ಸರಾಸರಿ ತೆಗೆದರೂ ಹೋಗುವುದಿಲ್ಲ.

ಹಿಂದಿನ ಹಂಗಾಮಿನಲ್ಲಿ ನಮ್ಮ ನೆರೆಯ ಹೊಲದಲ್ಲಿ ಈ ಪ್ರಯೋಗವನ್ನು ನಿಂತು ನೋಡಿದೆ. ಬಂದವರು ಹಗ್ಗವನ್ನು ಎರಡು ಬಾರಿ ಹಿಡಿದು ನೋಡಿದರು. ತೂಗುವಾಗ ಗುಂಪಿನಲ್ಲಿದ್ದವರೊಬ್ಬರು, "ಸಾಹೇಬ್ರ, ಒಂದೀಟು ಕಡಿಮಿ ಬರೀರಿ, ಬಡವ್ರಿಗಿ ನಾಕು ರೂಪಾಯಿ ಬರ್ತಾವ," ಎಂದರು. ನನ್ನ ಮನಸ್ಸಿನಲ್ಲಿಯೂ ಅದೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮಳೆ ಕೈಕೊಟ್ಟ ವರ್ಷ ಅದು. ಆದರೆ ಮನೆಗೆ ಬಂದು ಅರ್ಥಶಾಸ್ತ್ರದ ಟಿಪ್ಪಣಿಗಳನ್ನು ತಿರುವಿದಾಗ ಇನ್ನೊಂದು ಮುಖ ಕಂಡಿತು. ವಿಮೆಗೆ ಗೊತ್ತುಮಾಡುವ ಇಳುವರಿಯನ್ನು ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ ಕಟ್ಟುತ್ತಾರೆ. ಇಂದು ಕಡಿಮೆ ಬರೆಸಿಕೊಂಡದ್ದು ನಾಳೆ ಆ ಸರಾಸರಿಯನ್ನು ಇಳಿಸಬಹುದು. ಆಗ ನಿಜವಾದ ನಷ್ಟವಾದರೂ ಲೆಕ್ಕದಲ್ಲಿ ನಷ್ಟವೆನಿಸುವುದಿಲ್ಲ. ಹೆಚ್ಚು ಬರೆದರೆ ಈ ವರ್ಷದ ರೈತನಿಗೆ ಪೆಟ್ಟು, ಕಡಿಮೆ ಬರೆದರೆ ಮುಂದಿನ ವರ್ಷದವನಿಗೆ. ಆ ಇಬ್ಬರೂ ಒಬ್ಬನೇ ಆಗಿರುತ್ತಾನೆ.

ಶಾಲೆಯ ಪ್ರಯೋಗಪುಸ್ತಕದ ಬಗ್ಗೆ ನನ್ನ ದೂರು ಒಂದೇ. ನಮ್ಮಲ್ಲಿ ಕಚ್ಚಾ ಪುಸ್ತಕ ಬೇರೆ, ಚೊಕ್ಕ ಪುಸ್ತಕ ಬೇರೆ. ಕಚ್ಚಾದಿಂದ ಚೊಕ್ಕಕ್ಕೆ ಬರುವ ದಾರಿಯಲ್ಲಿಯೇ ಸತ್ಯ ಸೋರಿಹೋಗುತ್ತದೆ. ಪ್ರಯೋಗ ನಡೆಯುವ ಗಳಿಗೆಯಲ್ಲಿ, ಶಾಯಿಯಲ್ಲಿ, ಒಂದೇ ಪುಸ್ತಕದಲ್ಲಿ ಬರೆಯಬೇಕು. ತಪ್ಪಾದರೆ ರಬ್ಬರು ಹಿಡಿಯದೆ, ಕೆಳಗಿನ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನೂ ಕಾರಣವನ್ನೂ ಬರೆಯಬೇಕು. ಪುಟ ಅಂದವಾಗಿ ಕಾಣುವುದಿಲ್ಲ, ಕಾಣದಿದ್ದರೆ ಬೇಡ. ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟವನ್ನು ಕಣ್ಣಿನ ಸಮಕ್ಕೆ ಹಿಡಿದು, ಬಗ್ಗಿದ ಮೇಲ್ಮೈಯ ನಡುವಿನ ತಗ್ಗಿಗೆ ಓದಬೇಕೆಂಬುದು, ಮುರಿದ ಅಂಚಿನ ಅಳತೆಪಟ್ಟಿಯಾದರೆ ಸೊನ್ನೆಯನ್ನು ಬಿಟ್ಟು 1ರ ಗೆರೆಯಿಂದ ಅಳೆದು ಒಂದು ಕಳೆಯಬೇಕೆಂಬುದು ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅದನ್ನು ನಾನು ಹೇಳಬೇಕಾಗಿಲ್ಲ.

ತಂಗಿ ಈಗ ಮಳೆಯನ್ನೂ ಅಳೆಯುತ್ತಿದ್ದಾಳೆ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ತಳ ಸಮನಾದ ಡಬ್ಬಿಯನ್ನು ಮರದ ನೆರಳಿಲ್ಲದ ಅಂಗಳದಲ್ಲಿ ಇಟ್ಟು, ನಿಂತ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ನೋಡುವುದು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯವರು ಪ್ರತಿದಿನ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳ ಮಳೆಯನ್ನು ಬರೆದುಕೊಳ್ಳುತ್ತಾರೆ. ಅವಳೂ ಶಾಲೆಗೆ ಹೊರಡುವ ಮುನ್ನ ಅದೇ ಹೊತ್ತಿಗೆ ನೋಡುತ್ತಾಳೆ. ಶ್ರಾವಣದಲ್ಲಿ ಸೋದರಮಾವನ ಮನೆಯ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ. ಬಂದವಳು ಆ ಎರಡು ಮನೆಗಳಲ್ಲಿ 0 ಎಂದು ಬರೆಯಹೋದಾಗ ಈ ಸಲ ತಡೆದವನು ನಾನು. ಸೊನ್ನೆಯೆಂದರೆ ನೋಡಿದೆ, ಮಳೆಯಿರಲಿಲ್ಲ ಎಂದರ್ಥ. ನೋಡಲೇ ಇಲ್ಲವೆಂಬುದಕ್ಕೆ ಅಡ್ಡಗೆರೆ. ಎರಡು ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಊರಲ್ಲಿ ಇರಲಿಲ್ಲ' ಎಂದು ಬರೆದಳು.

ಲೋಲಕದ ಲೆಕ್ಕ ಮುಗಿಸಿದ ದಿನ ಅವಳಿಗೆ ಬಂದದ್ದು 9.77. "ಪುಸ್ತಕದಾಗ 9.8 ಐತಲ್ಲ ಅಣ್ಣಾ, ಇದನ್ನ ಏನ್ ಮಾಡ್ಲಿ?" ಎಂದಳು. ಭೂಮಿಯ ಎಲ್ಲ ಕಡೆ ಈ ಅಂಕಿ ಒಂದೇ ಅಲ್ಲವೆಂದೂ, ಧ್ರುವಗಳ ಬಳಿ ಹೆಚ್ಚು, ಭೂಮಧ್ಯರೇಖೆಯ ಕಡೆ ಕಡಿಮೆಯೆಂದೂ, ನಮ್ಮ ಕಡೆ ಅದು 9.78ರ ಸುಮಾರಿಗೆ ಇರುತ್ತದೆಂದೂ ಹೇಳಿದೆ. ದರ್ಜಿಯ ಟೇಪಿನಿಂದ ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದೆಯೆಂದು ಸೇರಿಸಿದೆ. ಅವಳು 9.77 ಎಂದೇ ಬರೆದಳು. ಅದರ ಮೇಲೆ ಮೊದಲಿನ ಮೂರು 38ಗಳನ್ನೂ, 'ಎಣಿಕೆ ಒಂದರಿಂದ ಆರಂಭಿಸಿದ ತಪ್ಪು' ಎಂಬ ಮಾತನ್ನೂ ಉಳಿಸಿದಳು.

ನನ್ನ ಹಳೆಯ ಪ್ರಯೋಗಪುಸ್ತಕ ಗೋಡೆಯ ಗೂಡಿನಲ್ಲಿ ಇನ್ನೂ ಇತ್ತು. ಧೂಳು ಕೊಡವಿ ಆ ಪುಟ ತೆಗೆದೆ. 40.1ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಇದು ನೋಡಿದ ಅಂಕಿಯಲ್ಲ. ನೋಡಿದ್ದು 38 ಚಿಲ್ಲರೆ, ಚಿಲ್ಲರೆ ನೆನಪಿಲ್ಲ' ಎಂದು ಬರೆದು, ಆ ದಿನದ ತಾರೀಖು ಹಾಕಿ ಮತ್ತೆ ಗೂಡಿನಲ್ಲಿ ಇಟ್ಟೆ.